ದಿನನಿತ್ಯದ ಸನ್‌ಸ್ಕ್ರೀನ್: ಆರಿಸುವ, ಅಳೆಯುವ, ಹಚ್ಚುವ ಕ್ರಮ

ಸನ್‌ಸ್ಕ್ರೀನ್ ಹಚ್ಚುತ್ತಿದ್ದರೂ ಮುಖ ಕಪ್ಪಾಗುತ್ತಿದೆ, ಬಂಗು ಕಡಿಮೆಯಾಗುತ್ತಿಲ್ಲ ಎಂಬ ದೂರು ಆಗಾಗ ಕಿವಿಗೆ ಬೀಳುತ್ತದೆ. ಹೀಗೆ ದೂರುವವರು ಸಾಮಾನ್ಯವಾಗಿ ಬ್ರ್ಯಾಂಡ್ ಬದಲಿಸುತ್ತಾರೆ, ಇನ್ನೂ ದೊಡ್ಡ ಸಂಖ್ಯೆಯ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಹುಡುಕುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಕೊರತೆ ಇರುವುದು ಹಚ್ಚಿದ ಪ್ರಮಾಣದಲ್ಲಿ. ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ಜನ ಮನೆಯಲ್ಲಿ ಹಚ್ಚಿಕೊಳ್ಳುವುದು ಅದರ ಅರ್ಧ, ಕೆಲವೊಮ್ಮೆ ಕಾಲುಭಾಗ. ಹಾಗಾದಾಗ 50 ಎಂದು ಬರೆದ ಟ್ಯೂಬಿನಿಂದ ಚರ್ಮಕ್ಕೆ ಸಿಗುವ ರಕ್ಷಣೆ ಅದರ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಸಾಕಷ್ಟು ಹಚ್ಚಲು ನಿಮಗೆ ದಿನವೂ ಮನಸ್ಸು ಬರುವಂಥ ಸನ್‌ಸ್ಕ್ರೀನೇ ನಿಮ್ಮ ಪಾಲಿಗೆ ಒಳ್ಳೆಯ ಸನ್‌ಸ್ಕ್ರೀನ್. ಆಯ್ಕೆಯ ಬಗ್ಗೆ ಮುಂದೆ ಹೇಳುವುದನ್ನೆಲ್ಲ ಈ ದೃಷ್ಟಿಯಿಂದಲೇ ಓದಿಕೊಳ್ಳಿ.

ಯಾವ ಕಿರಣದಿಂದ ಏನಾಗುತ್ತದೆ

ಸೂರ್ಯನ ನೇರಳಾತೀತ ಕಿರಣಗಳಲ್ಲಿ ನೆಲ ತಲುಪುವವು ಎರಡು ಬಗೆ. ಯುವಿಬಿ ಚರ್ಮದ ಮೇಲ್ಪದರವನ್ನು ಸುಟ್ಟು ಕೆಂಪಾಗಿಸುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿದು ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರುಗಳನ್ನು ಹಾಳುಮಾಡುತ್ತದೆ. ಸುಕ್ಕು, ಜೋಲು, ಕಪ್ಪು ಕಲೆಗಳ ಹಿಂದೆ ಇದರ ಕೈವಾಡ ದೊಡ್ಡದು. ಚರ್ಮದ ಕ್ಯಾನ್ಸರಿಗೆ ಎರಡೂ ಕಾರಣವಾಗುತ್ತವೆ. ನಮ್ಮನ್ನು ಮುಟ್ಟುವ ನೇರಳಾತೀತ ಕಿರಣಗಳಲ್ಲಿ ಸುಮಾರು ಶೇ. 95ರಷ್ಟು ಯುವಿಎ.

ಯುವಿಬಿ ಮಧ್ಯಾಹ್ನದ ಹೊತ್ತು ಏರಿ, ಬೆಳಿಗ್ಗೆ ಸಂಜೆ ಇಳಿಯುತ್ತದೆ. ಕಿಟಕಿಯ ಗಾಜು ಅದನ್ನು ಬಹುಪಾಲು ತಡೆಯುತ್ತದೆ. ಯುವಿಎ ಹಾಗಲ್ಲ. ದಿನದುದ್ದಕ್ಕೂ ಅದರ ಏರಿಳಿತ ಕಡಿಮೆ, ಸಾಧಾರಣ ಗಾಜಿನ ಮೂಲಕ ಅದು ಸಲೀಸಾಗಿ ಒಳಗೆ ಬರುತ್ತದೆ, ಉರಿಯನ್ನಾಗಲಿ ನೋವನ್ನಾಗಲಿ ಕೊಟ್ಟು ಎಚ್ಚರಿಸುವುದೂ ಇಲ್ಲ. ಕಿಟಕಿಗೆ ತಾಗಿಕೊಂಡು ಇಡೀ ದಿನ ಕುಳಿತು ಕೆಲಸ ಮಾಡುವವರು, ದಿನದಲ್ಲಿ ಹಲವು ಗಂಟೆ ವಾಹನ ಓಡಿಸುವವರು ಒಳಗಿದ್ದೇವೆಂದು ನಿಶ್ಚಿಂತರಾಗಬಾರದು ಎನ್ನುವುದು ಇದಕ್ಕಾಗಿ. ಕಿಟಕಿಯಿಂದ ದೂರ, ಕೋಣೆಯ ಒಳಭಾಗದಲ್ಲಿ ಇರುವವರಿಗೆ ಈ ಚಿಂತೆ ಬೇಡ.

ಹೊರಗಿನ ತೀವ್ರತೆ ತಿಳಿಯಲು ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಯುವಿ ಸೂಚ್ಯಂಕ ನೋಡಿ. ಅದು 3 ಅಥವಾ ಹೆಚ್ಚಿದ್ದರೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 8 ಮುಟ್ಟಿದರೆ ಅತಿ ಹೆಚ್ಚು, 11 ಮುಟ್ಟಿದರೆ ವಿಪರೀತ. ಮೊಬೈಲ್ ಕೈಯಲ್ಲಿಲ್ಲದಿದ್ದರೆ ನಿಮ್ಮ ನೆರಳನ್ನು ನೋಡಿಕೊಳ್ಳಿ. ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಯುವಿಬಿ ಜೋರಾಗಿದೆ ಎಂದರ್ಥ. ಸೆಕೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ತಂಪಾದ ಗಾಳಿ ಬೀಸುವ ಬೆಟ್ಟದ ಮೇಲೆ ಕಿರಣ ಹೆಚ್ಚೇ ಇರುತ್ತದೆ, ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು. ತೆಳುಮೋಡ ಕವಿದ ದಿನವೂ ಬಹುಪಾಲು ಕಿರಣ ಕೆಳಗಿಳಿದು ಬರುತ್ತದೆ. ಹೊಸ ಹಿಮ ಶೇ. 80ರವರೆಗೂ, ಒಣ ಮರಳು ಸುಮಾರು ಶೇ. 15ರಷ್ಟೂ ಕಿರಣವನ್ನು ಮೇಲಕ್ಕೆ ಹಿಂತಿರುಗಿಸುವುದರಿಂದ ಕೊಡೆ, ಟೋಪಿಗಳ ಅಡಿಯಲ್ಲೂ ಮುಖಕ್ಕೆ ಪೆಟ್ಟು ಬೀಳುತ್ತದೆ.

ಕಪ್ಪು, ಕಂದು ಚರ್ಮದವರಿಗೆ ಇದೆಲ್ಲ ಬೇಕೇ? ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ಚರ್ಮ ಬೇಗ ಸುಡುವುದಿಲ್ಲ, ನಿಜ. ಆದರೆ ಅದೇ ಚರ್ಮದಲ್ಲಿ ಮೊಡವೆಯ ಗುರುತು, ಬಂಗು, ಗಾಯದ ಕಲೆ ಗಾಢವಾಗಿ ನಿಂತು ತಿಂಗಳುಗಟ್ಟಲೆ ಉಳಿಯುವುದು, ಪ್ರತಿದಿನದ ಬಿಸಿಲು ಅದನ್ನು ಮತ್ತೆ ಮತ್ತೆ ಕೆರಳಿಸುವುದು ಹೆಚ್ಚು. ಸುಟ್ಟುಕೊಳ್ಳದ ಚರ್ಮಕ್ಕೆ ಸನ್‌ಸ್ಕ್ರೀನ್ ಬೇಡ ಎಂಬ ಮಾತನ್ನು ದಯವಿಟ್ಟು ಬಿಟ್ಟುಬಿಡಿ.

ಹಂತ 1: ಟ್ಯೂಬನ್ನು ತಿರುಗಿಸಿ ಓದಿ

ಎದುರಿಗೆ ದೊಡ್ಡದಾಗಿ ಬರೆದ ಸಂಖ್ಯೆ ಎಸ್‌ಪಿಎಫ್. ಚರ್ಮ ಕೆಂಪಾಗುವುದನ್ನು ಅದು ಎಷ್ಟರಮಟ್ಟಿಗೆ ತಡೆಯುತ್ತದೆ ಎಂಬುದರ ಅಳತೆ ಇದು, ಹೆಚ್ಚಾಗಿ ಯುವಿಬಿಗೆ ಸಂಬಂಧಿಸಿದ್ದು. ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ ಎಸ್‌ಪಿಎಫ್ 15 ಸುಮಾರು ಶೇ. 93, ಎಸ್‌ಪಿಎಫ್ 30 ಸುಮಾರು ಶೇ. 97, ಎಸ್‌ಪಿಎಫ್ 50 ಶೇ. 98ರಷ್ಟು ಕಿರಣವನ್ನು ತಡೆಯುತ್ತವೆ. 30 ಮತ್ತು 50ರ ನಡುವೆ ಅಂತರ ಬರೀ ಒಂದು ಶೇಕಡಾ ಎಂದು ಕೆಲವರು ತಳ್ಳಿಹಾಕುತ್ತಾರೆ. ತಡೆದದ್ದನ್ನು ಬಿಟ್ಟು ಒಳಹೊಕ್ಕಿದ್ದನ್ನು ಲೆಕ್ಕ ಹಾಕಿ: 30ರಲ್ಲಿ ನೂರರಲ್ಲಿ ಮೂರಕ್ಕಿಂತ ಹೆಚ್ಚು, 50ರಲ್ಲಿ ಎರಡು. ದಿನವೂ ಹೊರಗೆ ತಿರುಗುವವರಿಗೆ, ಬಂಗು ಇರುವವರಿಗೆ ಈ ಅಂತರ ಲೆಕ್ಕಕ್ಕೆ ಬರುತ್ತದೆ. ಅಲ್ಲದೆ ನಾವು ಹಚ್ಚುವುದು ಹೇಗಿದ್ದರೂ ಕಡಿಮೆಯೇ ಆದ್ದರಿಂದ 50 ಕೊಂಡರೆ ಆ ಕೊರತೆಗೆ ಒಂದಿಷ್ಟು ಆಸರೆ. ಹೆಚ್ಚು ಹೊತ್ತು ಒಳಗೇ ಇರುವವರಿಗೆ 30 ಸಾಕು. ಅದಕ್ಕಿಂತ ಕಡಿಮೆಯದನ್ನು ಕೊಳ್ಳಬೇಡಿ.

ಎಸ್‌ಪಿಎಫ್ ಸಮಯದ ಲೆಕ್ಕ ಹೇಳುವುದಿಲ್ಲ ಎಂಬುದನ್ನೂ ನೆನಪಿಡಿ. 50 ಹಚ್ಚಿದರೆ ಬಿಸಿಲಲ್ಲಿ ಐವತ್ತು ಪಟ್ಟು ಹೊತ್ತು ಧೈರ್ಯವಾಗಿ ಇರಬಹುದು ಎಂಬ ನಂಬಿಕೆ ತಪ್ಪು. ಬೆವರು, ಒರೆಸುವ ಕೈ, ಉಜ್ಜುವ ಬಟ್ಟೆ ಅದನ್ನು ಅದಕ್ಕೆ ಬಹಳ ಮುಂಚೆಯೇ ಅಳಿಸಿಹಾಕುತ್ತವೆ.

ಇನ್ನು ಯುವಿಎ. ಟ್ಯೂಬಿನ ಮೇಲೆ ನಾನು ಎಸ್‌ಪಿಎಫ್‌ಗಿಂತ ಮೊದಲು ಹುಡುಕುವುದು ಇದರ ಗುರುತನ್ನೇ. ಏಷ್ಯಾದ ಅನೇಕ ತಯಾರಿಕೆಗಳಲ್ಲಿ ‘ಪಿಎ’ ಎಂದು ಬರೆದು ಪಕ್ಕದಲ್ಲಿ ಕೂಡುಚಿಹ್ನೆಗಳನ್ನು ಹಾಕಿರುತ್ತಾರೆ. ಇದು ಜಪಾನಿನಲ್ಲಿ ಹುಟ್ಟಿದ ಪದ್ಧತಿ. ಒಂದು ಚಿಹ್ನೆ ಕನಿಷ್ಠ ರಕ್ಷಣೆ, ನಾಲ್ಕು ಗರಿಷ್ಠ. ಮೂರು ಅಥವಾ ನಾಲ್ಕು ಇರುವುದನ್ನು ತೆಗೆದುಕೊಳ್ಳಿ. ಯುರೋಪಿನ ತಯಾರಿಕೆಗಳಲ್ಲಿ ‘ಯುವಿಎ’ ಅಕ್ಷರಗಳನ್ನು ಒಂದು ವೃತ್ತದೊಳಗೆ ಮುದ್ರಿಸಿರುತ್ತಾರೆ. ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗದಷ್ಟಾದರೂ ಇದೆ ಎಂದು ಆ ವೃತ್ತದ ಅರ್ಥ. ಅಮೆರಿಕದವುಗಳಲ್ಲಿ ‘ಬ್ರಾಡ್ ಸ್ಪೆಕ್ಟ್ರಮ್’ ಎಂದಿರುತ್ತದೆ. ಇವುಗಳಲ್ಲಿ ಒಂದೂ ಇಲ್ಲದ ಟ್ಯೂಬನ್ನು, ಎಸ್‌ಪಿಎಫ್ 100 ಎಂದಿದ್ದರೂ ಸರಿ, ಅಂಗಡಿಯಲ್ಲೇ ಬಿಟ್ಟು ಬನ್ನಿ. ಚರ್ಮ ಕೆಂಪಾಗದಂತೆ ನೋಡಿಕೊಂಡು ಒಳಗಿಂದೊಳಗೆ ಮುಪ್ಪಾಗಲು ಬಿಡುವ ಸನ್‌ಸ್ಕ್ರೀನ್ ಅದು.

ನೀರು ನಿರೋಧಕ ಎಂದಿದ್ದರೆ ಪಕ್ಕದಲ್ಲಿ 40 ಅಥವಾ 80 ನಿಮಿಷ ಎಂಬ ಅವಧಿ ಇರುವುದುಂಟು. ಬೆವರುವವರಿಗೆ, ಈಜುವವರಿಗೆ ಅದು ಬೇಕು. ಉಳಿದವರಿಗೆ ಅನಗತ್ಯ, ತೊಳೆಯಲೂ ಕಷ್ಟ. ತೆರೆದ ಮುಚ್ಚಳದ ಡಬ್ಬಿಯ ಪುಟ್ಟ ಚಿತ್ರದೊಳಗೆ 6 ಅಥವಾ 12ರ ಮುಂದೆ ಇಂಗ್ಲಿಷಿನ ಎಮ್ ಅಕ್ಷರ ಕಾಣಿಸಿದರೆ, ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಬೇಕೆಂದು ಅರ್ಥ.

ಹಂತ 2: ಖನಿಜವೋ, ರಾಸಾಯನಿಕವೋ

ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಇರುವವನ್ನು ಖನಿಜ ಸನ್‌ಸ್ಕ್ರೀನ್ ಎನ್ನುತ್ತಾರೆ. ಇವು ಕಿರಣವನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತವೆ ಎಂದು ಎಲ್ಲೆಡೆ ಬರೆಯುತ್ತಾರೆ. ವಾಸ್ತವವಾಗಿ ಇವೂ ನೇರಳಾತೀತ ಕಿರಣವನ್ನು ಬಹುಪಾಲು ಹೀರಿಕೊಂಡೇ ಕೆಲಸ ಮಾಡುತ್ತವೆ, ಚದುರಿಸುವುದು ಸ್ವಲ್ಪ ಮಾತ್ರ. ಚರ್ಮವನ್ನು ಕೆರಳಿಸುವುದು ಕಡಿಮೆ, ಕಣ್ಣುರಿ ಕಡಿಮೆ. ಆದ್ದರಿಂದ ಸೂಕ್ಷ್ಮ ಚರ್ಮಕ್ಕೆ, ಮಕ್ಕಳಿಗೆ, ಕಣ್ಣಿನ ಸುತ್ತ ಹಚ್ಚಲು ಇವು ಒಳ್ಳೆಯವು. ಕಂದು ಬಣ್ಣದ ಚರ್ಮದ ಮೇಲೆ ಬೂದಿ ಬಳಿದಂತೆ ಬಿಳಿಚಿಕೊಳ್ಳುವುದೇ ಇವುಗಳ ದೊಡ್ಡ ತೊಂದರೆ. ಹಾಗೆ ಕಾಣುವ ಸನ್‌ಸ್ಕ್ರೀನನ್ನು ಯಾರೂ ಸಾಕಷ್ಟು ಹಚ್ಚುವುದಿಲ್ಲ.

ಅವೊಬೆನ್ಝೋನ್, ಆಕ್ಟೊಕ್ರಿಲೀನ್, ಬೆಮೊಟ್ರಿಝಿನಾಲ್ ಮುಂತಾದವು ರಾಸಾಯನಿಕ ಫಿಲ್ಟರುಗಳು, ಅಂದರೆ ಕಿರಣ ತಡೆಯುವ ವಸ್ತುಗಳು. ತೆಳ್ಳಗೆ ಹರಡುತ್ತವೆ, ಬಣ್ಣ ಬಿಡುವುದಿಲ್ಲ. ಕೆಲವರಿಗೆ ಇವು ಉರಿ ತರುತ್ತವೆ, ಬೆವರಿನ ಜೊತೆ ಕಣ್ಣಿಗಿಳಿದರೆ ಕಣ್ಣು ಚುರುಗುಟ್ಟುತ್ತದೆ. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಂಶೋಧಕರು, ಮೈತುಂಬ ಪದೇ ಪದೇ ಹಚ್ಚಿದಾಗ ಇಂಥ ಕೆಲವು ಫಿಲ್ಟರುಗಳು ರಕ್ತಕ್ಕೂ ಸೇರುತ್ತವೆ ಎಂದು ತೋರಿಸಿದರು. ರಕ್ತದಲ್ಲಿ ಕಂಡದ್ದರಿಂದಲೇ ಹಾನಿಯಾಯಿತು ಎಂದಾಗುವುದಿಲ್ಲ, ಬಳಕೆ ನಿಲ್ಲಿಸಿ ಎಂದೂ ಆ ವರದಿ ಹೇಳಲಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಖನಿಜದ್ದನ್ನೇ ಆರಿಸಿಕೊಳ್ಳಿ. ಭಯಪಟ್ಟು ಏನನ್ನೂ ಹಚ್ಚದಿರುವುದಕ್ಕಿಂತ ಅದು ಎಷ್ಟೋ ಮೇಲು.

ಬಂಗು ಇರುವವರಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಭಾಗ, ಬಂಗನ್ನು ಗಾಢವಾಗಿಸುತ್ತದೆ. ಸಾಮಾನ್ಯ ಸನ್‌ಸ್ಕ್ರೀನಿನಿಂದ ಇದಕ್ಕೆ ತಡೆಯಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣಕ್ಕೆ ಹೊಂದುವ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತದೆ. ಬಿಳಿಚು ಕಾಣದಿರುವುದು ಮೇಲಿನ ಲಾಭ. ಎಷ್ಟೋ ಜನ ಕಲೆ ತಿಳಿಯಾಗಿಸುವ ದುಬಾರಿ ಕ್ರೀಮುಗಳಿಗೆ ಹಣ ಸುರಿದು, ಈ ಒಂದನ್ನು ಮಾತ್ರ ಬಿಟ್ಟಿರುತ್ತಾರೆ.

ಹಂತ 3: ನಿಮ್ಮ ಚರ್ಮಕ್ಕೆ ಹೊಂದಿಸಿ

ಜಿಡ್ಡು ಚರ್ಮ, ಮೊಡವೆ ಇದ್ದರೆ ಜೆಲ್ ಅಥವಾ ನೀರಿನಂತಹ ತೆಳು ಲೋಷನ್. ‘ನಾನ್ ಕಾಮೆಡೋಜೆನಿಕ್’ ಎಂದಿದ್ದರೆ ರಂಧ್ರ ಮುಚ್ಚದಂತೆ ತಯಾರಿಸಿದ್ದು. ಒಣ ಚರ್ಮಕ್ಕೆ ಕ್ರೀಮ್. ಬೇಗ ಕೆರಳುವ ಚರ್ಮಕ್ಕೆ ಸುವಾಸನೆ ಸೇರಿಸದ ಖನಿಜ ಬಗೆ. ಕಿವಿ, ಮೂಗು, ಕಣ್ಣಿನ ಸುತ್ತ ಸ್ಟಿಕ್ ಅನುಕೂಲ. ಸ್ಪ್ರೇಯನ್ನು ನಾನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ: ಎಷ್ಟು ಬಿತ್ತು ಎಂದು ತಿಳಿಯುವುದಿಲ್ಲ, ಗಾಳಿ ಅರ್ಧ ಒಯ್ಯುತ್ತದೆ, ಉಸಿರಿನೊಳಗೂ ಹೋಗುತ್ತದೆ. ಬಳಸಲೇಬೇಕಾದರೆ ಅಂಗೈಗೆ ಸಿಂಪಡಿಸಿಕೊಂಡು ಮುಖಕ್ಕೆ ಹಚ್ಚಿ. ಬೆಂಕಿಯ ಹತ್ತಿರ ಬೇಡವೇ ಬೇಡ.

ಹೊಸ ಟ್ಯೂಬನ್ನು ಮೊದಲ ದಿನವೇ ಮುಖಕ್ಕೆಲ್ಲ ಬಳಿಯಬೇಡಿ. ಮುಂಗೈ ಒಳಭಾಗದಲ್ಲಿ ನಾಣ್ಯದಗಲ ಹಚ್ಚಿ, ಕೆಲವು ದಿನ ಅದೇ ಜಾಗಕ್ಕೆ ಮತ್ತೆ ಹಚ್ಚುತ್ತ ತುರಿಕೆ, ಗುಳ್ಳೆ ಬರುವುದೇ ನೋಡಿ. ಆಮೇಲೆ ದವಡೆಯ ಒಂದು ಬದಿಗೆ ಹಚ್ಚಿ ನೋಡಿ. ಸಣ್ಣ ಟ್ಯೂಬ್ ಕೊಳ್ಳುವುದು ಈ ಹಂತದಲ್ಲಿ ಜಾಣತನ.

ಹಂತ 4: ಅಳೆದು ಹಚ್ಚಿ

ಇಲ್ಲಿ ಅವಸರ ಮಾಡಬೇಡಿ. ತೋರುಬೆರಳು ಮತ್ತು ಮಧ್ಯದ ಬೆರಳನ್ನು ಚಾಚಿ, ಬುಡದ ಗೆರೆಯಿಂದ ತುದಿಯವರೆಗೆ ಎರಡು ಉದ್ದ ಪಟ್ಟೆಗಳನ್ನು ಹಿಂಡಿ. ಮುಖ ಮತ್ತು ಕತ್ತಿಗೆ ಬೇಕಾದದ್ದು ಇಷ್ಟು. ಮೊದಲ ಬಾರಿ ನೋಡಿದವರಿಗೆ ಇದು ವಿಪರೀತ ಅನ್ನಿಸುತ್ತದೆ, ಬಟಾಣಿಯಷ್ಟು ಹಚ್ಚಿ ಅಭ್ಯಾಸವಾದ ಕೈಗೆ ಅದು ಸಹಜವೇ. ಜೆಲ್ ತೀರಾ ನೀರಾಗಿದ್ದು ಬೆರಳ ಮೇಲೆ ನಿಲ್ಲದಿದ್ದರೆ ಟೀ ಚಮಚದಲ್ಲಿ ಅಳೆಯಿರಿ. ಮುಖಕ್ಕೆ ಅರ್ಧ ಚಮಚಕ್ಕೆ ಕಡಿಮೆಯಾಗದಿರಲಿ, ಕತ್ತೂ ಸೇರಿದರೆ ಒಂದು ಚಮಚದ ಹತ್ತಿರ ಹೋಗಲಿ.

ಮುಖ ತೊಳೆದು, ಮಾಯಿಶ್ಚರೈಸರ್ ಹಚ್ಚುವವರು ಅದನ್ನು ಹಚ್ಚಿ, ಅದು ಚರ್ಮದಲ್ಲಿ ಇಂಗುವವರೆಗೆ ಕಾಯಿರಿ. ಹಸಿ ಮಾಯಿಶ್ಚರೈಸರಿನ ಮೇಲೆ ಸನ್‌ಸ್ಕ್ರೀನ್ ಉಜ್ಜಿದರೆ ಎರಡೂ ಸೇರಿ ಸಣ್ಣ ಸಣ್ಣ ಉರುಟುಗಳಾಗಿ ಬೆರಳಿಗೆ ಸಿಗುತ್ತವೆ; ಹಾಗಾದಲ್ಲಿ ಪದರ ಹರಿದಿದೆ ಎಂದೇ ತಿಳಿಯಿರಿ. ಎರಡನ್ನೂ ಅಂಗೈಯಲ್ಲಿ ಬೆರೆಸಿ ಹಚ್ಚುವುದೂ ಸಲ್ಲದು, ರಕ್ಷಣೆ ತೆಳುವಾಗುತ್ತದೆ.

ಎರಡೂ ಪಟ್ಟೆಗಳನ್ನು ಒಮ್ಮೆಗೇ ಬಳಿಯಬೇಡಿ. ಮೊದಲ ಬೆರಳಿನದನ್ನು ಹಣೆ, ಎರಡು ಕೆನ್ನೆ, ಮೂಗು, ಗಲ್ಲ, ಕತ್ತಿನ ಮೇಲೆ ಚುಕ್ಕೆಗಳಾಗಿ ಇಟ್ಟು, ಬೆರಳುಗಳನ್ನು ಚಪ್ಪಟೆಯಾಗಿಸಿ ಹಗುರವಾಗಿ ಹರಡಿ. ಜೋರಾಗಿ ತಿಕ್ಕಿದರೆ ಮುಖದ ನಡುಭಾಗದ ಪದರ ಅಂಚಿಗೆ ಸರಿಯುತ್ತದೆ, ಮೂಗು ಬೋಳಾಗುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡನೇ ಬೆರಳಿನದನ್ನು ಹಾಗೆಯೇ ಹಚ್ಚಿ. ಮೊದಲ ಸುತ್ತಿನಲ್ಲಿ ತಪ್ಪಿದ ಜಾಗ ಎರಡನೇ ಸುತ್ತಿಗೆ ಸಿಕ್ಕೇ ಸಿಗುತ್ತದೆ.

ತಪ್ಪುವ ಜಾಗಗಳೂ ಹೆಚ್ಚುಕಡಿಮೆ ಎಲ್ಲರಲ್ಲೂ ಅವೇ: ಕಿವಿಯ ಮೇಲಂಚು ಮತ್ತು ಹಿಂಭಾಗ, ಕೂದಲಿನ ಅಂಚು, ಕಣ್ಣುರೆಪ್ಪೆ, ಮೂಗಿನ ಪಕ್ಕದ ಮಡಿಕೆ, ದವಡೆಯ ಕೆಳಗೆ, ಕತ್ತಿನ ಹಿಂಭಾಗ. ರೆಪ್ಪೆಗೆ ಖನಿಜದ್ದನ್ನು ಉಂಗುರ ಬೆರಳಿನಿಂದ ತಟ್ಟಿ. ತುಟಿಗೆ ಎಸ್‌ಪಿಎಫ್ ಇರುವ ಲಿಪ್ ಬಾಮ್ ಬೇಕು. ಬೈತಲೆಗೆ, ಕೂದಲು ವಿರಳವಾದ ನೆತ್ತಿಗೆ ಟೋಪಿಯೇ ಉತ್ತಮ ಉಪಾಯ. ಅಂಗೈಯ ಹಿಂಬದಿಯನ್ನು ಮರೆಯಬೇಡಿ: ವಯಸ್ಸು ಅಲ್ಲಿಯೂ ಮುಖದಷ್ಟೇ ಬೇಗ ಕಾಣಿಸುತ್ತದೆ.

ಇಡೀ ಮೈಗೆ ಹಚ್ಚುವ ದಿನ ಎರಡು ಬೆರಳಿನ ಅಳತೆಯನ್ನೇ ಹನ್ನೊಂದು ಬಾರಿ ಬಳಸಿ: ತಲೆ ಮುಖ ಕತ್ತಿಗೆ ಒಂದು, ಎರಡು ತೋಳಿಗೆ ಒಂದೊಂದು, ಎದೆ, ಹೊಟ್ಟೆ, ಬೆನ್ನಿನ ಮೇಲ್ಭಾಗ, ಕೆಳಭಾಗಕ್ಕೆ ಒಂದೊಂದು, ಎರಡು ತೊಡೆಗೆ ಒಂದೊಂದು, ಮೊಣಕಾಲಿನಿಂದ ಪಾದದವರೆಗೆ ಪ್ರತಿ ಕಾಲಿಗೂ ಒಂದೊಂದು. ಹೊರಗೆ ಹೋಗುವ ಹದಿನೈದು ನಿಮಿಷ ಮೊದಲೇ ಹಚ್ಚಿಕೊಳ್ಳಿ, ಪದರ ಸಮನಾಗಿ ಕೂರಲು ಅಷ್ಟು ಹೊತ್ತು ಬೇಕು. ಮೇಕಪ್ ಇದರ ಮೇಲೆ. ಸೊಳ್ಳೆ ನಿವಾರಕವೂ ಇದರ ಮೇಲೆಯೇ, ಸನ್‌ಸ್ಕ್ರೀನ್ ಒಣಗಿದ ಬಳಿಕ.

ಫೌಂಡೇಶನ್‌ನಲ್ಲಿ ಎಸ್‌ಪಿಎಫ್ 20 ಇದೆ, ಸನ್‌ಸ್ಕ್ರೀನ್ 30, ಒಟ್ಟು 50 ಎಂದು ಕೂಡಿಸಬೇಡಿ. ಎಸ್‌ಪಿಎಫ್‌ಗಳು ಹಾಗೆ ಕೂಡುವುದಿಲ್ಲ. ಫೌಂಡೇಶನನ್ನು ಎರಡು ಬೆರಳಿನಷ್ಟು ಯಾರೂ ಹಚ್ಚುವುದೂ ಇಲ್ಲ.

ಹಂತ 5: ಮತ್ತೆ ಹಚ್ಚುವುದು

ಬಿಸಿಲಿನಲ್ಲಿ ಇರುವಷ್ಟು ಹೊತ್ತು ಎರಡು ಗಂಟೆಗೊಮ್ಮೆ. ಈಜಿದ, ಬೆವರಿಳಿಸಿದ, ಟವೆಲಿನಿಂದ ಒರೆಸಿಕೊಂಡ ತಕ್ಷಣ ಗಡಿಯಾರ ನೋಡದೆ ಹಚ್ಚಿ. ಇದೇ ನಿಯಮವನ್ನು ಕಚೇರಿಯೊಳಗೆ ಇಡೀ ದಿನ ಕುಳಿತವರ ಮೇಲೆ ಹೇರುವುದು ನನಗೆ ಸರಿ ಕಾಣುವುದಿಲ್ಲ. ಬೆಳಿಗ್ಗೆ ಸರಿಯಾಗಿ ಹಚ್ಚಿ, ಮಧ್ಯಾಹ್ನ ಅಥವಾ ಸಂಜೆ ಬಿಸಿಲಿಗೆ ಹೊರಡುವ ಮುನ್ನ ಇನ್ನೊಮ್ಮೆ ಹಚ್ಚಿದರೆ ಅಂಥವರಿಗೆ ಸಾಕು. ಪಾಲಿಸಲಾಗದ ನಿಯಮ ಹೇಳಿದರೆ ಜನ ಬೆಳಗಿನದನ್ನೂ ಬಿಡುತ್ತಾರೆ.

ಮೇಕಪ್ ಇದ್ದಾಗ: ಟಿಶ್ಯೂ ಒತ್ತಿ ಜಿಡ್ಡು ತೆಗೆಯಿರಿ, ತೆಳು ಲೋಷನನ್ನು ಸ್ಪಂಜಿಗೆ ಹಾಕಿ ಉಜ್ಜದೆ ತಟ್ಟುತ್ತ ಕೂರಿಸಿ. ಸ್ಟಿಕ್ ಆದರೆ ಒಂದೇ ಜಾಗದಲ್ಲಿ ಕೆಲವು ಬಾರಿ ಎಳೆಯಿರಿ. ಪೌಡರ್ ಸನ್‌ಸ್ಕ್ರೀನ್ ಹೊಳಪು ತಗ್ಗಿಸುತ್ತದೆ, ಅದನ್ನೇ ಪೂರ್ತಿ ನೆಚ್ಚಬೇಡಿ.

ಹತ್ತಿರದಲ್ಲಿ ನೆರಳಿದ್ದರೆ ಅದನ್ನೇ ಮೊದಲು ಬಳಸಿ. ಅಗಲ ಅಂಚಿನ ಟೋಪಿ, ತಂಪು ಕನ್ನಡಕ, ಒತ್ತಾದ ನೇಯ್ಗೆಯ ತುಂಬು ತೋಳಿನ ಬಟ್ಟೆ ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕಾಗಿಯೂ ಇಲ್ಲ. ಸನ್‌ಸ್ಕ್ರೀನ್ ಇರುವುದು ಬಟ್ಟೆ ಮುಚ್ಚದ ಜಾಗಕ್ಕೆ.

ವಿಶೇಷ ಸಂದರ್ಭಗಳು, ಸಾಮಾನ್ಯ ಸಂದೇಹಗಳು

ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆ ಸಾಕು. ಮೊಡವೆಗೆ ಹಚ್ಚುವ ರೆಟಿನಾಯ್ಡ್ ಕ್ರೀಮ್, ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ. ಮಾತ್ರೆ ಬಿಡದೆ, ರಕ್ಷಣೆ ಹೆಚ್ಚಿಸಿಕೊಂಡು ವೈದ್ಯರಿಗೆ ತಿಳಿಸಿ. ಬಂಗು ಗರ್ಭಿಣಿಯರಲ್ಲಿ ಸುಲಭವಾಗಿ ಕಾಣಿಸಿಕೊಳ್ಳುತ್ತದೆ, ಅವರು ಟಿಂಟೆಡ್ ಖನಿಜ ಬಗೆಯನ್ನು ಮೊದಲಿಂದಲೇ ಹಿಡಿಯುವುದು ಒಳ್ಳೆಯದು.

ವಿಟಮಿನ್ ಡಿ ಕಡಿಮೆಯಾಗುವುದೇ ಎಂಬ ಆತಂಕ ಅನೇಕರದು. ಜನ ವಾಸ್ತವದಲ್ಲಿ ಹಚ್ಚುವ ರೀತಿಯಿಂದ ಅದು ಕೊರತೆಯ ಮಟ್ಟಕ್ಕೆ ಇಳಿಯುವುದು ಸಾಮಾನ್ಯವಾಗಿ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮೊದಲೇ ಕೊರತೆ ಇದ್ದವರು ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆಯಿಂದ ಸರಿಪಡಿಸಿಕೊಳ್ಳಲಿ.

ಇಷ್ಟೆಲ್ಲ ಶ್ರಮಕ್ಕೆ ಫಲವಿದೆಯೇ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ನ್ಯಾಂಬೂರ್ ಪಟ್ಟಣದಲ್ಲಿ 1992ರಲ್ಲಿ ಶುರುವಾದ ಪ್ರಯೋಗವನ್ನು ತೋರಿಸುತ್ತೇನೆ. ಕೆಲವರಿಗೆ ದಿನವೂ ಹಚ್ಚಿ ಎಂದರು, ಉಳಿದವರನ್ನು ಅವರಿಷ್ಟಕ್ಕೆ ಬಿಟ್ಟರು. ನಾಲ್ಕೂವರೆ ವರ್ಷಗಳ ಕೊನೆಗೆ, 55 ವರ್ಷದೊಳಗಿನವರಲ್ಲಿ ದಿನವೂ ಹಚ್ಚಿದ ಗುಂಪಿನ ಚರ್ಮ ಇನ್ನೊಂದು ಗುಂಪಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು. ಅವರಿಗೆ ಕೊಟ್ಟ ಸನ್‌ಸ್ಕ್ರೀನಿನ ಎಸ್‌ಪಿಎಫ್ 15ರ ಆಸುಪಾಸಿನದು. ಫಲ ಬಂದದ್ದು ದೊಡ್ಡ ಸಂಖ್ಯೆಯಿಂದಲ್ಲ, ತಪ್ಪದೆ ಹಚ್ಚಿದ್ದರಿಂದ.

ತೊಳೆಯುವುದು, ಇಡುವುದು

ರಾತ್ರಿ ಫೇಸ್‌ವಾಶ್‌ನಿಂದ ಮುಖ ತೊಳೆಯಿರಿ. ನೀರು ನಿರೋಧಕ ಅಥವಾ ಟಿಂಟೆಡ್ ಆಗಿದ್ದರೆ ಮೊದಲು ಕ್ಲೆನ್ಸಿಂಗ್ ಎಣ್ಣೆಯಿಂದ ಕರಗಿಸಿ, ಆಮೇಲೆ ಫೇಸ್‌ವಾಶ್. ಬಿಳಿ ಅಂಗಿಯ ಕಾಲರಿನಲ್ಲಿ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಕಂಡರೆ ಅದು ಅವೊಬೆನ್ಝೋನ್ ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿ ಆದದ್ದು. ಬ್ಲೀಚ್ ಹಾಕಿದರೆ ಇನ್ನೂ ಗಾಢವಾಗುತ್ತದೆ. ತುಕ್ಕು ತೆಗೆಯಲು ಬಳಸುವ ದ್ರಾವಣವೇ ಇದಕ್ಕೆ ಮದ್ದು. ಹಚ್ಚಿದ್ದು ಒಣಗಿದ ಮೇಲೆ ಅಂಗಿ ತೊಟ್ಟರೆ ಕಲೆ ಕಡಿಮೆ.

ಟ್ಯೂಬನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಬಿಸಿಗೆ ಎಣ್ಣೆ, ನೀರು ಬೇರೆಯಾಗಿ ಫಿಲ್ಟರುಗಳ ಹಂಚಿಕೆ ಕೆಡುತ್ತದೆ. ಹಿಂಡಿದಾಗ ಮೊದಲು ನೀರು ಬರುವುದು, ಬಣ್ಣ ಅಥವಾ ವಾಸನೆ ಬದಲಾಗಿರುವುದು, ಹರಳು ಹರಳಾಗಿ ಸಿಗುವುದು, ಇವುಗಳಲ್ಲಿ ಯಾವುದು ಕಂಡರೂ ದಿನಾಂಕ ಮುಗಿಯದಿದ್ದರೂ ಎಸೆಯಿರಿ. ತೆರೆದ ದಿನವನ್ನು ಪೆನ್ನಿನಿಂದ ಟ್ಯೂಬಿನ ಮೇಲೆಯೇ ಬರೆದಿಡಿ. ಎರಡು ಬೆರಳಿನ ಅಳತೆಯಲ್ಲಿ ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂನ ಟ್ಯೂಬ್ ಸುಮಾರು ಒಂದು ತಿಂಗಳಿಗೆ, ಇನ್ನೂ ಧಾರಾಳವಾಗಿ ಹಚ್ಚುವವರಿಗೆ ಅದಕ್ಕೂ ಮೊದಲೇ, ಮುಗಿಯಬೇಕು. ಒಬ್ಬರೇ ಬಳಸುವ ಟ್ಯೂಬ್ ಆರು ತಿಂಗಳಾದರೂ ಖಾಲಿಯಾಗದಿದ್ದರೆ ಹಂತ 4ಕ್ಕೆ ಹಿಂತಿರುಗಿ.